ಜೇಡ್ ಗಿಡ: ಎಲೆ ಸುಕ್ಕಾದಾಗ ಮೊದಲು ಮಣ್ಣು ಮುಟ್ಟಿ ನೋಡಿ

ದಪ್ಪ ಎಲೆಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಕುಂಡದ ಗಿಡ ಜೇಡ್. ಅದರ ಎಲೆಗಳು ಸುಕ್ಕುಗಟ್ಟಿವೆ, ಹಿಚುಕಿದರೆ ಮೆತ್ತಗೆ ಬಾಗುತ್ತಿವೆ. ಇದನ್ನು ಕಂಡವರು ಮೊದಲು ಮಾಡುವ ಕೆಲಸ ಒಂದು ಚೊಂಬು ನೀರು ತಂದು ಹುಯ್ಯುವುದು. ಎಷ್ಟೋ ಜೇಡ್ ಗಿಡಗಳು ಸಾಯುವುದು ಇದೇ ಚೊಂಬಿನಿಂದ. ಎಲೆ ಸುಕ್ಕಾಗಲು ಮುಖ್ಯವಾಗಿ ಎರಡು ಕಾರಣಗಳಿವೆ, ಎರಡೂ ಒಂದಕ್ಕೊಂದು ತದ್ವಿರುದ್ಧ. ಮಣ್ಣಿನಲ್ಲಿ ನೀರಿಲ್ಲದಿದ್ದರೆ ಎಲೆ ಸೊರಗುತ್ತದೆ. ಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆತಿದ್ದರೂ ಎಲೆ ಸೊರಗುತ್ತದೆ, ಏಕೆಂದರೆ ಕೊಳೆತ ಬೇರು ನೀರನ್ನು ಎಳೆಯಲಾರದು. ತನಗೆ ನೀರು ಮುಟ್ಟುತ್ತಿಲ್ಲ ಎಂಬುದನ್ನಷ್ಟೇ ಎಲೆ ಹೇಳಬಲ್ಲದು. ಯಾಕೆ ಮುಟ್ಟುತ್ತಿಲ್ಲ ಎಂಬುದನ್ನು ಹೇಳುವುದು ಮಣ್ಣು. ಮಣ್ಣು ಒಣಗಿದ್ದು ಎಲೆ ಸುಕ್ಕಾಗಿದ್ದರೆ ನೀರು ಹಾಕಿ. ಮಣ್ಣು ಒದ್ದೆಯಿದ್ದು ಎಲೆ ಸುಕ್ಕಾಗಿದ್ದರೆ ಚೊಂಬನ್ನು ಪಕ್ಕಕ್ಕಿಟ್ಟು ಗಿಡವನ್ನು ಕುಂಡದಿಂದ ಹೊರಗೆ ತೆಗೆಯಿರಿ.

ಜೇಡ್ ಸಾಕುವವರಿಗೆ ಈ ಒಂದು ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಅರ್ಥವಾಗಬೇಕಾದರೆ ಈ ಗಿಡದ ಒಳಗೆ ಏನು ನಡೆಯುತ್ತದೆಂದು ನೋಡಬೇಕು.

ರಾತ್ರಿ ಬಾಯಿ ತೆರೆಯುವ ಗಿಡ

ಜೇಡ್ ಗಿಡದ ವೈಜ್ಞಾನಿಕ ಹೆಸರು ಕ್ರಾಸುಲ ಓವಾಟ. ಲ್ಯಾಟಿನ್ನಿನ ‘ಕ್ರಾಸುಸ್’ ಎಂದರೆ ದಪ್ಪ, ‘ಓವಾಟ’ ಎಂದರೆ ಮೊಟ್ಟೆಯಾಕಾರದ್ದು. ಹಳೆಯ ತೋಟಗಾರಿಕೆ ಪುಸ್ತಕಗಳಲ್ಲಿ ಇದೇ ಗಿಡ ಕ್ರಾಸುಲ ಅರ್ಜೆಂಟಿಯ ಎಂಬ ಹೆಸರಿನಲ್ಲಿರುತ್ತದೆ. ಇದರ ತವರು ದಕ್ಷಿಣ ಆಫ್ರಿಕಾದ ಪೂರ್ವ ಕೇಪ್, ಕ್ವಾಜುಲು-ನಟಾಲ್ ಪ್ರಾಂತ್ಯಗಳು ಮತ್ತು ಮೊಜಾಂಬಿಕ್. ಅಲ್ಲಿ ಇದು ಕಲ್ಲುಗುಡ್ಡಗಳ ಇಳಿಜಾರಿನಲ್ಲಿ ಪೊದೆಯಾಗಿ ಬೆಳೆಯುತ್ತದೆ. ಮಳೆ ಬಿದ್ದರೆ ನೀರು ಕಲ್ಲುಸಂದಿಗಳಲ್ಲಿ ಇಳಿದುಹೋಗುತ್ತದೆ. ಬೇರು ಒಮ್ಮೆ ಚೆನ್ನಾಗಿ ನೆನೆಯುತ್ತದೆ, ಆಮೇಲೆ ವಾರಗಟ್ಟಲೆ ಒಣಗಿರುತ್ತದೆ. ಕುಂಡದಲ್ಲಿ ನಾವು ಕೊಡಬೇಕಾದದ್ದೂ ಈ ಲಯವನ್ನೇ.

ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುತ್ತವೆ. ಬಿಸಿಲಿನಲ್ಲಿ ರಂಧ್ರ ತೆರೆದರೆ ನೀರಾವಿ ಹೊರಗೆ ಹೋಗುತ್ತದೆ. ಜೇಡ್ ಇದಕ್ಕೆ ಬೇರೆಯೇ ದಾರಿ ಕಂಡುಕೊಂಡಿದೆ. ಹಗಲು ರಂಧ್ರಗಳನ್ನು ಮುಚ್ಚಿಕೊಂಡಿದ್ದು, ತಂಪಾದ ರಾತ್ರಿಯಲ್ಲಿ ತೆರೆಯುತ್ತದೆ. ಒಳಗೆ ಬಂದ ಇಂಗಾಲದ ಡೈಆಕ್ಸೈಡ್ ಮ್ಯಾಲಿಕ್ ಆಮ್ಲವಾಗಿ ಎಲೆಯ ಜೀವಕೋಶಗಳಲ್ಲಿ ಕೂಡಿಡಲ್ಪಡುತ್ತದೆ. ಬೆಳಗಾದ ಮೇಲೆ ಬಾಗಿಲು ಮುಚ್ಚಿ, ಆ ಆಮ್ಲವನ್ನು ಒಡೆದು, ಬಿಡುಗಡೆಯಾದ ಇಂಗಾಲದ ಡೈಆಕ್ಸೈಡ್‌ನಿಂದ ಸೂರ್ಯನ ಬೆಳಕಿನಲ್ಲಿ ಸಕ್ಕರೆ ತಯಾರಿಸಿಕೊಳ್ಳುತ್ತದೆ. ಈ ವಿಧಾನಕ್ಕೆ ಜೇಡ್ ಗಿಡದ ಕುಟುಂಬವಾದ ಕ್ರಾಸುಲೇಸಿಯ ಹೆಸರೇ ಬಂದಿದೆ: ಕ್ರಾಸುಲೇಸಿಯನ್ ಆಸಿಡ್ ಮೆಟಬಾಲಿಸಮ್, ಚಿಕ್ಕದಾಗಿ ಸಿಎಎಮ್.

ಈ ರಹಸ್ಯದ ಎಳೆ ಮೊದಲು ಸಿಕ್ಕಿದ್ದು ನಾಲಿಗೆಗೆ. ಭಾರತದಲ್ಲಿ ಕೆಲಸ ಮಾಡುತ್ತಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನೆ, ಜೇಡ್‌ನ ನೆಂಟನಾದ ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯಾಗಿಯೂ ಮಧ್ಯಾಹ್ನಕ್ಕೆ ಸಪ್ಪೆಯಾಗಿಯೂ ಇರುವುದನ್ನು ಗಮನಿಸಿದ. ಅವನ ಟಿಪ್ಪಣಿ 1815ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಪ್ರಕಟಣೆಯಲ್ಲಿ ಅಚ್ಚಾಯಿತು. ರಾತ್ರಿ ಕೂಡಿಟ್ಟ ಆಮ್ಲವೇ ಆ ಬೆಳಗಿನ ಹುಳಿ.

ಇದೇ ಕಾರಣ ಹಿಡಿದು ‘ಜೇಡ್ ರಾತ್ರಿಯಿಡೀ ಆಮ್ಲಜನಕ ಕೊಡುತ್ತದೆ, ಮಲಗುವ ಕೋಣೆಯಲ್ಲಿಡಿ’ ಎಂದು ಹೇಳುವವರಿದ್ದಾರೆ. ಅದು ತಪ್ಪು ತಿಳುವಳಿಕೆ. ರಾತ್ರಿ ಈ ಗಿಡ ಒಳಗೆ ತೆಗೆದುಕೊಳ್ಳುವುದು ಇಂಗಾಲದ ಡೈಆಕ್ಸೈಡ್. ಆಮ್ಲಜನಕ ಹುಟ್ಟಲು ಬೆಳಕು ಬೇಕೇ ಬೇಕು. ಮಲಗುವ ಕೋಣೆಯ ಕಿಟಕಿಯಲ್ಲಿ ಒಳ್ಳೆಯ ಬಿಸಿಲಿದ್ದರೆ ಇಡಿ, ಗಾಳಿ ಶುದ್ಧವಾಗಲಿ ಎಂದು ಇಡಬೇಡಿ.

ಹಗಲು ನೀರಾವಿ ಬಿಡದ ಗಿಡ ಮಣ್ಣಿನಿಂದ ನೀರು ಎಳೆಯುವುದೂ ನಿಧಾನವೇ. ತುಳಸಿಯೋ ದಾಸವಾಳವೋ ಎರಡು ದಿನದಲ್ಲಿ ಕುಡಿದು ಮುಗಿಸುವ ನೀರು ಜೇಡ್‌ನ ಕುಂಡದಲ್ಲಿ ಎರಡು ವಾರ ಉಳಿಯಬಹುದು. ಬೇರಿಗೂ ಉಸಿರಾಡಲು ಗಾಳಿ ಬೇಕು. ಮಣ್ಣಿನ ಸಂದಿಗಳೆಲ್ಲ ನೀರಿನಿಂದ ತುಂಬಿದ್ದರೆ ಗಾಳಿಗೆ ಜಾಗವಿಲ್ಲ, ಬೇರು ಉಸಿರುಗಟ್ಟಿ ಸಾಯುತ್ತದೆ. ಪಿಥಿಯಂ, ಫೈಟಾಫ್ತೊರದಂಥ ಕೊಳೆರೋಗದ ಸೂಕ್ಷ್ಮಜೀವಿಗಳಿಗೆ ಬೇಕಾದದ್ದು ಇದೇ ಪರಿಸ್ಥಿತಿ.

ಮಣ್ಣು ಮತ್ತು ಕುಂಡ

ಹೀಗಾಗಿ ಮಣ್ಣಿನ ಮಿಶ್ರಣದಲ್ಲಿ ಪೋಷಕಾಂಶಕ್ಕಿಂತ ಸಂದಿಗಳು ಮುಖ್ಯ. ಅಳತೆ ಸರಳವಾಗಿದೆ: ಒಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಪಾಟಿಂಗ್ ಮಿಶ್ರಣ, ಒಂದು ಪಾಲು ಪರ್ಲೈಟ್ ಅಥವಾ ಪ್ಯೂಮಿಸ್ (ಮಣ್ಣನ್ನು ಸಡಿಲವಾಗಿಡುವ, ತೂತುತೂತಾದ ಹಗುರ ಕಲ್ಲಿನ ಕಾಳು), ಒಂದು ಪಾಲು 2ರಿಂದ 6 ಮಿ.ಮೀ. ಗಾತ್ರದ ದಪ್ಪ ಮರಳು ಇಲ್ಲವೇ ಪುಡಿಗಲ್ಲು. ಗಾಳಿಯಲ್ಲಿ ತೇವ ಹೆಚ್ಚಿರುವ ಕಡೆ ಕಲ್ಲಿನ ಪಾಲನ್ನು ಒಂದೂವರೆಗೆ ಏರಿಸಿ. ಮರಳನ್ನು ಜರಡಿ ಹಿಡಿದು ಪುಡಿ ತೆಗೆಯುವುದನ್ನು ತಪ್ಪಿಸಬೇಡಿ. ನುಣ್ಣನೆಯ ಮರಳು ಸಂದಿಗಳಲ್ಲಿ ಕೂತು ಮಣ್ಣನ್ನು ಸಿಮೆಂಟಿನಂತೆ ಗಟ್ಟಿ ಮಾಡುತ್ತದೆ, ಹಾಕದೇ ಇದ್ದದ್ದಕ್ಕಿಂತ ಕೆಡುಕು. ಮಿಶ್ರಣ ಸರಿಯಿದೆಯೇ ಎಂದು ತಿಳಿಯಲು ಕುಂಡಕ್ಕೆ ತುಂಬಿ ಒಮ್ಮೆ ನೆನೆಸಿ, ಮತ್ತೆ ಒಂದು ಲೋಟ ನೀರು ಹಾಕಿ. ಹತ್ತು ಸೆಕೆಂಡಿನೊಳಗೆ ತಳದಿಂದ ಇಳಿಯಲು ಶುರುವಾಗಬೇಕು. ನೀರು ಮೇಲೆ ಕೆರೆಯಂತೆ ನಿಂತರೆ ಇನ್ನಷ್ಟು ಕಲ್ಲು ಬೆರೆಸಿ.

ಬರೀ ತೆಂಗಿನ ನಾರಿನ ಪುಡಿಯಲ್ಲಿ ಅಥವಾ ಪೀಟ್‌ನಲ್ಲಿ (ಜೌಗುನೆಲದ ಅರೆಕೊಳೆತ ಪಾಚಿಯ ಪುಡಿ) ಬೆಳೆಸಿದ ಗಿಡ ತಂದಿದ್ದರೆ ಒಂದೆರಡು ವಾರ ಹೊಸ ಜಾಗಕ್ಕೆ ಹೊಂದಿಕೊಳ್ಳಲು ಬಿಟ್ಟು, ಆಮೇಲೆ ಬೇರಿನ ಸುತ್ತಲಿನ ಆ ಮುದ್ದೆಯನ್ನು ಬಿಡಿಸಿ ಮಿಶ್ರಣ ಬದಲಿಸಿ. ಪೀಟ್ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಪೂರ್ತಿ ಒಣಗಿದರೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಕಿದ ನೀರು ಮುದ್ದೆಯ ಹೊರಗಿನಿಂದಲೇ ಜಾರಿ ತಟ್ಟೆಗೆ ಬೀಳುತ್ತದೆ, ‘ನೀರು ಚೆನ್ನಾಗಿ ಬಸಿಯುತ್ತಿದೆ’ ಎಂದು ನಾವು ಅಂದುಕೊಳ್ಳುತ್ತೇವೆ, ಒಳಗೆ ಬೇರು ಒಣಗಿಯೇ ಇರುತ್ತದೆ. ಅಂಥ ಕುಂಡವನ್ನು 20 ನಿಮಿಷ ನೀರಿನ ತಟ್ಟೆಯಲ್ಲಿಟ್ಟು ತಳದಿಂದ ಕುಡಿಸಬೇಕು.

ಕುಂಡದ ತಳಕ್ಕೆ ಜಲ್ಲಿಕಲ್ಲಿನ ಪದರ ಹಾಕಿದರೆ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆ ಎಲ್ಲ ಕಡೆಯೂ ಇದೆ. ಅದು ಯಾಕೆ ತಪ್ಪೆಂದು ಪಾತ್ರೆ ತೊಳೆಯುವ ಸ್ಪಂಜಿನಲ್ಲೇ ನೋಡಬಹುದು. ಸ್ಪಂಜನ್ನು ಪೂರ್ತಿ ನೆನೆಸಿ, ಅಡ್ಡಡ್ಡವಾಗಿ ಹಿಡಿದು ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಅದನ್ನೇ ನೆಟ್ಟಗೆ ನಿಲ್ಲಿಸಿ. ನಿಂತುಹೋಗಿದ್ದ ನೀರು ಮತ್ತೆ ಇಳಿಯುತ್ತದೆ. ಸ್ಪಂಜಿನ ಅಡಿಭಾಗದಲ್ಲಿ ಒಂದಿಷ್ಟು ಎತ್ತರದವರೆಗೆ ನೀರು ಹಿಡಿದಿಟ್ಟುಕೊಂಡೇ ಇರುತ್ತದೆ, ಸ್ಪಂಜು ಎತ್ತರವಾದಷ್ಟೂ ಆ ಒದ್ದೆ ಭಾಗದ ಪಾಲು ಕಡಿಮೆಯಾಗುತ್ತದೆ. ಕುಂಡದ ಮಣ್ಣೂ ಹೀಗೆಯೇ. ತಳದಲ್ಲಿ ಜಲ್ಲಿ ತುಂಬಿದಾಗ ಮಣ್ಣಿನ ಎತ್ತರ ತಗ್ಗುತ್ತದೆ, ಒದ್ದೆ ಪದರ ಜಲ್ಲಿಯ ಮೇಲೆ ಕೂತು ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಜಲ್ಲಿಯನ್ನು ಮಣ್ಣಿನಲ್ಲೇ ಬೆರೆಸಿಬಿಡಿ, ತಳದ ತೂತಿಗೆ ಒಂದು ತುಂಡು ಬಲೆ ಸಾಕು.

ಕುಂಡ ಮಣ್ಣಿನದಾದರೆ ಒಳ್ಳೆಯದು, ಹೊಳಪು ಬಳಿಯದ್ದು ಇನ್ನೂ ಒಳ್ಳೆಯದು, ಏಕೆಂದರೆ ಅದರ ಗೋಡೆಯಿಂದಲೂ ತೇವ ಆರುತ್ತದೆ. ಬೇರಿನ ಮುದ್ದೆಗಿಂತ 2ರಿಂದ 4 ಸೆಂ.ಮೀ. ಅಗಲವಿದ್ದರೆ ಸಾಕು. ‘ಹೇಗೂ ದೊಡ್ಡದಾಗುತ್ತದಲ್ಲ’ ಎಂದು ಮೊದಲೇ ದೊಡ್ಡ ಕುಂಡಕ್ಕೆ ಹಾಕಿದರೆ ಬೇರು ತಲುಪದ ಮಣ್ಣು ತಿಂಗಳುಗಟ್ಟಲೆ ಹಸಿಯಾಗಿಯೇ ಇರುತ್ತದೆ. ಜೇಡ್‌ನ ತಲೆಭಾರ ಹೆಚ್ಚು, ಬೇರು ಆಳಕ್ಕೆ ಹೋಗುವುದಿಲ್ಲ. ಹಗುರ ಪ್ಲಾಸ್ಟಿಕ್ ಕುಂಡವಾದರೆ ಒಂದು ದಿನ ಗಿಡ ಸಮೇತ ಉರುಳುತ್ತದೆ.

ನೀರು ಯಾವಾಗ, ಎಷ್ಟು

ವಾರದ ಲೆಕ್ಕ ಬೇಡ. ಐಸ್‌ಕ್ರೀಮ್ ಕಡ್ಡಿಯನ್ನೋ ಬಿದಿರು ಕಡ್ಡಿಯನ್ನೋ ಕುಂಡದ ತಳ ಮುಟ್ಟುವವರೆಗೆ ಚುಚ್ಚಿ, ಐದು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ಕಪ್ಪಾಗಿದ್ದರೆ ಅಥವಾ ಮಣ್ಣು ಅಂಟಿದ್ದರೆ ಇನ್ನೂ ಕಾಯಬೇಕು. ಕುಂಡ ಎತ್ತಿ ತೂಕ ನೋಡುವ ಅಭ್ಯಾಸ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ನೀರು ಹಾಕಿದ ದಿನ ಒಮ್ಮೆ ಎತ್ತಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ ಎತ್ತಿ. ಎರಡು ಮೂರು ಸಲವಾದ ಮೇಲೆ ಕೈಗೇ ಗೊತ್ತಾಗುತ್ತದೆ.

ಮಣ್ಣು ಒಣಗಿದೆ ಎಂದಾದ ಮೇಲೆ ಎಲೆಯನ್ನು ನೋಡಿ. ಕೆಳಗಿನ ಜೋಡಿಯ ಒಂದು ಎಲೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮೆಲ್ಲಗೆ ಒತ್ತಿ. ನೀರು ತುಂಬಿದ ಎಲೆ ಎಳೆ ಸೌತೆಕಾಯಿಯ ಹೋಳಿನಂತೆ ಗಟ್ಟಿಯಾಗಿರುತ್ತದೆ, ಬಾಗಿಸಲು ಹೋದರೆ ಮುರಿಯುತ್ತದೆ. ಬಾಯಾರಿದ ಎಲೆ ತೆಳುವಾಗಿ, ಬೆರಳಿನ ಒತ್ತಕ್ಕೆ ತುಸು ಬಾಗುತ್ತದೆ, ಮೇಲ್ಮೈಯಲ್ಲಿ ಉದ್ದುದ್ದ ಸಣ್ಣ ಗೆರೆಗಳು ಮೂಡುತ್ತವೆ. ನೀರು ಹೆಚ್ಚಾದ ಎಲೆ ಹಳದಿಯಾಗಿ, ಬೆಳಕಿಗೆ ಹಿಡಿದರೆ ಪಾರಕವಾಗಿ ಕಾಣುತ್ತದೆ, ಮುಟ್ಟಿದರೆ ಕಳಚಿ ಬೀಳುತ್ತದೆ. ತೊಟ್ಟಿನ ಜಾಗದಲ್ಲಿ ಲೋಳೆ ಇರುತ್ತದೆ.

ಹಾಕುವಾಗ ಪೂರ್ತಿ ಹಾಕಿ. ತಳದಿಂದ ಧಾರಾಳವಾಗಿ ಹರಿದುಹೋಗಬೇಕು, ಹದಿನೈದು ನಿಮಿಷದ ನಂತರ ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ‘ಸ್ವಲ್ಪ ಸ್ವಲ್ಪ ಹಾಕಿದರೆ ಕೊಳೆಯುವುದಿಲ್ಲ’ ಎಂದು ದಿನಾ ಒಂದು ಚಮಚ ಹಾಕುವುದು ಎರಡೂ ರೀತಿಯಲ್ಲಿ ನಷ್ಟ: ಮೇಲಿನ ಪದರ ಯಾವಾಗಲೂ ಹಸಿ, ಕೆಳಗಿನ ಬೇರಿಗೆ ಯಾವತ್ತೂ ನೀರಿಲ್ಲ. ಬೆಳೆಯುವ ಕಾಲದಲ್ಲಿ ಒಳ್ಳೆಯ ಬಿಸಿಲಿನಲ್ಲಿರುವ ಗಿಡಕ್ಕೆ ಸಾಮಾನ್ಯವಾಗಿ 10ರಿಂದ 14 ದಿನಕ್ಕೊಮ್ಮೆ, ಚಳಿಗಾಲದಲ್ಲಿ ಮೂರರಿಂದ ನಾಲ್ಕು ವಾರಕ್ಕೊಮ್ಮೆ ಬೇಕಾಗುತ್ತದೆ. ಇದು ಅಂದಾಜು, ಕಡೆಯ ಮಾತು ಕಡ್ಡಿಯದು. ಬಾಯಾರಿದ ಗಿಡಕ್ಕೆ ನೀರು ಹಾಕಿದ ಎರಡು ಮೂರು ದಿನದಲ್ಲಿ ಸುಕ್ಕು ತುಂಬಿಕೊಳ್ಳಬೇಕು. ಒಂದು ವಾರವಾದರೂ ತುಂಬದಿದ್ದರೆ ಬೇರಿನಲ್ಲಿ ತೊಂದರೆಯಿದೆ ಎಂದೇ ತಿಳಿಯಿರಿ.

ಬೇರು ಕೊಳೆತಾಗ

ಗಿಡವನ್ನು ಹೊರತೆಗೆದು ಮಣ್ಣು ಉದುರಿಸಿ. ಆರೋಗ್ಯವಾದ ಬೇರು ಬಿಳಿ ಅಥವಾ ತಿಳಿ ಕಂದು, ಎಳೆದರೆ ಗಟ್ಟಿ. ಕೊಳೆತದ್ದು ಕಪ್ಪಗೆ, ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರವಷ್ಟೇ ಕೈಗೆ ಬರುತ್ತದೆ, ಹಳಸಿದ ವಾಸನೆ ಇರುತ್ತದೆ. ಕೊಳೆ ಬೇರಿನಲ್ಲಷ್ಟೇ ಇದ್ದರೆ ಅದನ್ನು ಕತ್ತರಿಸಿ, ಗಿಡವನ್ನು ನೆರಳಿನಲ್ಲಿ ನಾಲ್ಕೈದು ದಿನ ಬರಿಬೇರಿನಲ್ಲೇ ಒಣಗಿಸಿ, ಒಣ ಮಿಶ್ರಣಕ್ಕೆ ನೆಡಿ. ಒಂದು ವಾರ ನೀರು ಬೇಡ.

ಕೊಳೆ ಕಾಂಡಕ್ಕೆ ಏರಿದ್ದರೆ ಬುಡ ಮೆತ್ತಗಾಗಿರುತ್ತದೆ. ಆಗ ಬುಡ ಉಳಿಸುವ ಆಸೆ ಬಿಟ್ಟು ಮೇಲ್ಭಾಗವನ್ನು ಉಳಿಸಿಕೊಳ್ಳಬೇಕು. ಹರಿತವಾದ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಮೆತ್ತಗಿರುವ ಜಾಗಕ್ಕಿಂತ ಎರಡು ಬೆರಳು ಮೇಲೆ ಅಡ್ಡಡ್ಡ ಕತ್ತರಿಸಿ. ಕತ್ತರಿಸಿದ ಮುಖವನ್ನು ಬೆಳಕಿನಲ್ಲಿ ನೋಡಿ: ಪೂರ್ತಿ ತಿಳಿ ಹಸಿರು-ಬಿಳಿ ಇದ್ದರೆ ಕೊಳೆ ಅಲ್ಲಿಗೆ ನಿಂತಿದೆ. ನಡುವೆ ಕಂದು ಚುಕ್ಕೆಯೋ ಉಂಗುರದಂಥ ಗೆರೆಯೋ ಕಂಡರೆ ಮತ್ತೆ ಚಾಕು ಒರೆಸಿ ಇನ್ನೊಂದು ಬೆರಳು ಮೇಲೆ ಕತ್ತರಿಸಿ. ಕಂದು ಪೂರ್ತಿ ಮಾಯವಾಗುವವರೆಗೆ ನಿಲ್ಲಿಸಬೇಡಿ. ಸೂಜಿಮೊನೆಯಷ್ಟು ಕಂದು ಉಳಿದರೂ ಕೊಳೆ ಮತ್ತೆ ಹರಡಿ ಇಡೀ ಕೊಂಬೆ ಹೋಗಬಹುದು. ಪ್ರತಿ ಸಲ ಚಾಕು ಒರೆಸದಿದ್ದರೆ ರೋಗವನ್ನು ನಾವೇ ಮೇಲಕ್ಕೆ ಹತ್ತಿಸಿದಂತೆ.

ಕೊಂಬೆಯಿಂದ, ಎಲೆಯಿಂದ ಹೊಸ ಗಿಡ

ಹೀಗೆ ಉಳಿದ ಕೊಂಬೆಯನ್ನೂ, ಬೇಕೆಂದೇ ಕತ್ತರಿಸಿದ 8ರಿಂದ 10 ಸೆಂ.ಮೀ. ಕೊಂಬೆ ತುಂಡನ್ನೂ (ಕಟಿಂಗ್) ನೆಡುವ ರೀತಿ ಒಂದೇ. ಕೆಳಗಿನ ಒಂದೆರಡು ಜೋಡಿ ಎಲೆ ತೆಗೆದು, ನೆರಳಿನಲ್ಲಿ 3ರಿಂದ 7 ದಿನ ಸುಮ್ಮನೆ ಇಡಿ, ಕಾಂಡ ದಪ್ಪವಿದ್ದರೆ ಹತ್ತು ದಿನ. ಕತ್ತರಿಸಿದ ಮುಖ ಒಣಗಿ, ಬೂದುಬಣ್ಣಕ್ಕೆ ತಿರುಗಿ, ಉಗುರಿನಿಂದ ಕೆರೆದರೆ ಗಟ್ಟಿ ಹೊದಿಕೆ ಸಿಗಬೇಕು. ಆ ಹೊದಿಕೆ ಮೂಡುವ ಮೊದಲೇ ಒದ್ದೆ ಮಣ್ಣಿಗೆ ಸಿಕ್ಕಿಸಿದ್ದೇ ಹೆಚ್ಚಿನ ಕಟಿಂಗ್‌ಗಳು ಕೊಳೆಯಲು ಕಾರಣ. ಒಣಗಿದ ಮೇಲೆ 3 ಸೆಂ.ಮೀ. ಆಳಕ್ಕೆ ನೆಟ್ಟು, ಒಂದು ವಾರ ಬಿಟ್ಟು ಸ್ವಲ್ಪ ನೀರು ಕೊಡಿ. ಎರಡರಿಂದ ನಾಲ್ಕು ವಾರದಲ್ಲಿ ಬೇರು ಬರುತ್ತದೆ. ಮೆಲ್ಲಗೆ ಎಳೆದಾಗ ಮಣ್ಣು ಹಿಡಿದುಕೊಂಡರೆ ಬೇರು ಬಿಟ್ಟಿದೆ ಎಂದರ್ಥ.

ಎಲೆಯಿಂದ ಮಾಡುವುದಾದರೆ ಎಲೆಯನ್ನು ಪಕ್ಕಕ್ಕೆ ತಿರುಚಿ, ಬುಡ ಸಮೇತ ಕೀಳಬೇಕು. ಹೊಸ ಕುಡಿ ಹುಟ್ಟುವುದು ಆ ಬುಡದ ಅಂಚಿನಲ್ಲೇ. ಅರ್ಧಕ್ಕೆ ಮುರಿದ ಎಲೆಯನ್ನು ಇಟ್ಟುಕೊಂಡು ಕಾಯುವುದು ವ್ಯರ್ಥ. ಕಿತ್ತ ಎಲೆಯನ್ನು ಒಣ ಮಿಶ್ರಣದ ಮೇಲೆ ಮಲಗಿಸಿ, ಹೂಳಬೇಡಿ. ಮೊದಲು ಗುಲಾಬಿ ಬಣ್ಣದ ನೂಲಿನಂಥ ಬೇರು, ಆಮೇಲೆ ಅಕ್ಕಿಕಾಳಿನಷ್ಟು ಎರಡು ಎಲೆ ಕಾಣಿಸುತ್ತವೆ. ಒಟ್ಟು ಒಂದರಿಂದ ಎರಡು ತಿಂಗಳು. ತಾಯಿ ಎಲೆ ತಾನಾಗಿ ಒಣಗುವವರೆಗೆ ಕೀಳಬೇಡಿ, ಮರಿಗೆ ಅದೇ ಬುತ್ತಿ. ಬಿಳಿ-ಹಸಿರು ಪಟ್ಟೆಯ ಜೇಡ್‌ನ ಎಲೆಯಿಂದ ಬರುವ ಮರಿ ಬಹುಪಾಲು ಬರೀ ಹಸಿರಾಗಿರುತ್ತದೆ. ಪಟ್ಟೆ ಬೇಕಿದ್ದರೆ ಕೊಂಬೆಯಿಂದಲೇ ಮಾಡಬೇಕು.

ಬೆಳಕು ಮತ್ತು ಕತ್ತರಿ

ದಿನಕ್ಕೆ ಕನಿಷ್ಠ 4 ಗಂಟೆ ನೇರ ಬಿಸಿಲು ಬೇಕು, ಬೆಳಗಿನ ಬಿಸಿಲಾದರೆ ಉತ್ತಮ. ಬೆಳಕು ಸಾಲದಿದ್ದರೆ ಎಲೆಜೋಡಿಗಳ ನಡುವಿನ ಅಂತರ ಹೆಚ್ಚಿ, ಕಾಂಡ ತೆಳುವಾಗಿ ಉದ್ದವಾಗುತ್ತದೆ. ಹಾಗೆ ಉದ್ದವಾದ ಭಾಗ ಮತ್ತೆ ಗಿಡ್ಡವಾಗದು, ಕತ್ತರಿಸಲೇಬೇಕು. ಒಳಗಿದ್ದ ಗಿಡವನ್ನು ಒಮ್ಮೆಲೇ ಮಧ್ಯಾಹ್ನದ ಬಿಸಿಲಿಗಿಟ್ಟರೆ ಎಲೆ ಸುಟ್ಟು ಬಿಳಿಚಿದ ಕಲೆ ಬೀಳುತ್ತದೆ, ಆ ಕಲೆ ಮಾಯುವುದಿಲ್ಲ. ದಿನಕ್ಕೆ ಒಂದು ಗಂಟೆಯಿಂದ ಶುರುಮಾಡಿ ಎರಡು ವಾರದಲ್ಲಿ ಒಗ್ಗಿಸಿ. ಎಲೆಯ ಅಂಚು ಕೆಂಪಾದರೆ ಗಾಬರಿ ಬೇಡ. ಪ್ರಖರ ಬೆಳಕು ಮತ್ತು ತಂಪಿಗೆ ಗಿಡ ತಯಾರಿಸುವ ಆಂಥೊಸಯನಿನ್ ಎಂಬ ಬಣ್ಣ ಅದು. 5 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪು ಇಳಿಯುವ ಕಡೆ ಒಳಗಿಡಿ. ಹಿಮಗಟ್ಟಿದರೆ ಎಲೆಯೊಳಗಿನ ನೀರೇ ಜೀವಕೋಶಗಳನ್ನು ಸೀಳುತ್ತದೆ.

ಜೇಡ್‌ಗೆ ಮರದ ರೂಪ ಬರುವುದು ಕತ್ತರಿಯಿಂದ. ಕಾಂಡದ ಮೇಲೆ ಹಳೆಯ ಎಲೆ ಬಿದ್ದ ಕಡೆ ಉಂಗುರದಂಥ ಗೆರೆ ಕಾಣುತ್ತದೆ, ಅದೇ ಗಿಣ್ಣು. ಪ್ರತಿ ಗಿಣ್ಣಿನಲ್ಲೂ ಎದುರುಬದುರಾಗಿ ಎರಡು ಮೊಗ್ಗುಗಳು ಮಲಗಿರುತ್ತವೆ. ತುದಿಯ ಕುಡಿ ಇರುವವರೆಗೆ ಅದು ಅವನ್ನು ಏಳಗೊಡುವುದಿಲ್ಲ. ಗಿಣ್ಣಿನ ಸ್ವಲ್ಪ ಮೇಲೆ ಕತ್ತರಿಸಿದರೆ ಎರಡೂ ಏಳುತ್ತವೆ, ಒಂದು ಕೊಂಬೆ ಎರಡಾಗುತ್ತದೆ. ಅವನ್ನು ಎರಡು ಮೂರು ಜೋಡಿ ಎಲೆ ಬಂದ ಮೇಲೆ ಮತ್ತೆ ಕತ್ತರಿಸಿದರೆ ನಾಲ್ಕು. ಗಿಣ್ಣಿನ ಮೇಲೆ ಉಳಿದ ಚೋಟು ತುಂಡು ಒಣಗಿ ಗೆರೆಯವರೆಗೆ ತಾನೇ ಉದುರುತ್ತದೆ, ಅದನ್ನು ಕೀಳಲು ಹೋಗಬೇಡಿ. ಕತ್ತರಿಸಲು ಬೆಳವಣಿಗೆ ಶುರುವಾಗುವ ಕಾಲ ಒಳ್ಳೆಯದು.

ಗೊಬ್ಬರದ ವಿಷಯ ಹೆಚ್ಚಿಲ್ಲ. ಬೆಳೆಯುವ ಕಾಲದಲ್ಲಿ ಎರಡು ತಿಂಗಳಿಗೊಮ್ಮೆ, ಸಮತೋಲದ ದ್ರವಗೊಬ್ಬರವನ್ನು ಹೇಳಿದ ಅಳತೆಯ ಅರ್ಧಕ್ಕೆ ಇಳಿಸಿ, ಒದ್ದೆ ಮಣ್ಣಿಗೆ ಕೊಡಿ. ಹೊಸದಾಗಿ ನೆಟ್ಟದ್ದಕ್ಕೆ ಒಂದು ತಿಂಗಳು ಬೇಡ.

ಬಿಳಿ ಚುಕ್ಕೆ: ಉಪ್ಪೋ, ಹುಳವೋ?

ಎಲೆಯ ಮೇಲೆ, ಅದರಲ್ಲೂ ಅಂಚಿನ ಹತ್ತಿರ, ಪುಟ್ಟ ಪುಟ್ಟ ಬಿಳಿ ಚುಕ್ಕೆಗಳು ಸಾಲಾಗಿ ಕಂಡರೆ ಔಷಧಿ ಹುಡುಕಬೇಡಿ. ಕ್ರಾಸುಲ ಎಲೆಗಳಲ್ಲಿ ನೀರು ಹೊರಹಾಕುವ ಸೂಕ್ಷ್ಮ ರಂಧ್ರಗಳಿವೆ. ಗಡಸು ನೀರು ಕುಡಿದ ಗಿಡ ಅಲ್ಲಿಂದ ಹನಿ ಬಿಟ್ಟಾಗ ಹನಿ ಆರಿ ಉಪ್ಪು ಉಳಿಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಗಿಡದ ರಸ ಹೀರುವ ಹುಳವಾದ ಹಿಟ್ಟು ತಿಗಣೆ ಹಾಗಲ್ಲ, ಅದು ಎಲೆ ಕಾಂಡ ಸೇರುವ ಸಂದಿಯಲ್ಲಿ ಹತ್ತಿಯ ತುಣುಕಿನಂತೆ ಕೂತಿರುತ್ತದೆ, ಕಡ್ಡಿಯಿಂದ ಒತ್ತಿದರೆ ರಸ ಬರುತ್ತದೆ, ಸುತ್ತ ಅಂಟಂಟು ಇರುತ್ತದೆ. 70 ಶೇಕಡಾ ಐಸೊಪ್ರೊಪೈಲ್ ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಒಂದೊಂದಕ್ಕೂ ಮುಟ್ಟಿಸಿ. ಒಂದೇ ಸಲಕ್ಕೆ ಬಿಟ್ಟರೆ ಅಡಗಿದ್ದ ಮೊಟ್ಟೆ ಒಡೆದು ಮತ್ತೆ ಬರುತ್ತವೆ, ವಾರಕ್ಕೊಮ್ಮೆ ನಾಲ್ಕು ವಾರ ಮಾಡಬೇಕು. ಎಣ್ಣೆ ಬೆರೆಸಿದ ಸಿಂಪಡಣೆಗಳೂ ಸೋಪಿನ ದ್ರಾವಣಗಳೂ ಜೇಡ್ ಎಲೆಯ ಮೇಣದ ಹೊದಿಕೆಯನ್ನು ಕೆಡಿಸಬಹುದು. ಒಂದು ಎಲೆಗೆ ಹಚ್ಚಿ ಮೂರು ದಿನ ನೋಡದೆ ಇಡೀ ಗಿಡಕ್ಕೆ ಹೊಡೆಯಬೇಡಿ. ಗಿಡ ಕಾರಣವಿಲ್ಲದೆ ಸೊರಗುತ್ತಿದ್ದರೆ ಬೇರಿನ ಸುತ್ತಲೂ ನೋಡಿ, ಮಣ್ಣಿನೊಳಗೆ ವಾಸಿಸುವ ಹಿಟ್ಟು ತಿಗಣೆಯೂ ಇದೆ.

ನೆಂಟರು ಮತ್ತು ನೆಂಟರಂತೆ ಕಾಣುವವರು

ಜೇಡ್ ಎಂದು ಕೊಂಡುತಂದದ್ದು ಎಷ್ಟೋ ಸಲ ಪೋರ್ಚುಲಕೇರಿಯ ಆಫ್ರ ಆಗಿರುತ್ತದೆ. ಎಲೆ ಉಗುರಿನಷ್ಟು ಚಿಕ್ಕದು, ಎಳೆ ಕಾಂಡ ಕೆಂಪು-ಕಂದು, ಕೊಂಬೆಗಳು ಬಳುಕುತ್ತವೆ. ತವರು ಒಂದೇ ಆದರೂ ಕುಟುಂಬ ಬೇರೆ. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೆ ಸ್ಪೆಕ್‌ಬೂಮ್ ಎನ್ನುತ್ತಾರೆ, ಆನೆಗಳಿಗೆ ಪ್ರಿಯವಾದ ಮೇವು. ಜೇಡ್‌ಗಿಂತ ತುಸು ಹೆಚ್ಚು ನೀರು, ಹೆಚ್ಚು ಬಿಸಿಲು ತಡೆಯುತ್ತದೆ. ಎಲೆಯಿಂದ ಮರಿ ಮಾಡುವುದು ಇದರಲ್ಲಿ ಬಹಳ ಕಷ್ಟ, ಕೊಂಬೆ ನೆಡಿ. ಕೊಳವೆಯಂಥ ಎಲೆಯ ‘ಗೊಲ್ಲಂ’ ಮಾತ್ರ ನಿಜವಾದ ಜೇಡ್‌ನದೇ ತಳಿ, ಆರೈಕೆಯೂ ಅದೇ.

ಜೇಡ್‌ನ ಜೊತೆಗೆ ಸಾಕುವ ದಪ್ಪ ಎಲೆಯ ಗಿಡಗಳು ಇನ್ನೂ ಇವೆ. ಹೂವಿನಾಕಾರದಲ್ಲಿ ಎಲೆ ಜೋಡಿಸಿಕೊಂಡ ಎಚಿವೇರಿಯದ ಎಲೆಗಳ ಮೇಲಿನ ಬೂದಿಯಂಥ ಪುಡಿ ಬಿಸಿಲಿನಿಂದ ಕಾಯುವ ಹೊದಿಕೆ. ಬೆರಳು ತಗುಲಿದರೆ ಗುರುತು ಹಾಗೆಯೇ ಉಳಿಯುತ್ತದೆ. ನೀರು ಬುಡಕ್ಕೆ ಹಾಕಿ, ಹೂವಿನಂಥ ನಡುವಿನಲ್ಲಿ ನಿಲ್ಲಬಾರದು. ಹಾವರ್ಥಿಯ ನೇರ ಬಿಸಿಲಿಲ್ಲದ ಬೆಳಕಿನಲ್ಲೂ ಚೆನ್ನಾಗಿರುತ್ತದೆ, ಕಿಟಕಿಯಲ್ಲಿ ಬಿಸಿಲು ಬೀಳದವರು ಜೇಡ್‌ಗಿಂತ ಇದನ್ನೇ ಆರಿಸಿಕೊಳ್ಳುವುದು ಮೇಲು. ಏಯೋನಿಯಂ ಬೇಸಿಗೆಯಲ್ಲಿ ಮಲಗಿ ತಂಪಿನಲ್ಲಿ ಬೆಳೆಯುತ್ತದೆ, ಬೇಸಿಗೆಯಲ್ಲಿ ಎಲೆ ಮುದುರಿಕೊಂಡಿತೆಂದು ನೀರು ಸುರಿಯಬೇಡಿ. ಕಲ್ಲಿನಂತೆ ಕಾಣುವ ಲಿಥಾಪ್ಸ್‌ಗೆ ನಡುವಿನ ಸೀಳಿನಿಂದ ಹೊಸ ಎಲೆ ಬರುತ್ತಿರುವಾಗ ಒಂದು ಹನಿಯೂ ಬೇಡ. ಹೊಸದು ಹಳೆಯ ಎಲೆಯ ನೀರನ್ನೇ ಕುಡಿದು ಬೆಳೆಯುತ್ತದೆ.

ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಜೇಡ್ ಅವುಗಳ ಬಾಯಿಗೆ ಸಿಗದಷ್ಟು ಎತ್ತರದಲ್ಲಿರಲಿ. ತಿಂದರೆ ವಾಂತಿ, ಮಂಕು, ನಡಿಗೆಯಲ್ಲಿ ತೂರಾಟ ಬರಬಹುದು. ದಪ್ಪ ಎಲೆಯ ಹೂಗಿಡ ಕಲಾಂಚೊ ಇನ್ನೂ ಅಪಾಯ, ಅದರಲ್ಲಿ ಹೃದಯದ ಬಡಿತ ಕೆಡಿಸುವ ವಿಷವಿದೆ. ಎಚಿವೇರಿಯ, ಹಾವರ್ಥಿಯಗಳಿಂದ ಅಂಥ ಭಯವಿಲ್ಲ.

ಕೆಲವು ವರ್ಷ ಚೆನ್ನಾಗಿ ಬೆಳೆದ ಜೇಡ್ ಹೂ ಬಿಡುತ್ತದೆ, ಐದು ಎಸಳಿನ ಪುಟ್ಟ ನಕ್ಷತ್ರಗಳ ಗೊಂಚಲು, ಬಿಳಿ ಅಥವಾ ನಸುಗುಲಾಬಿ. ಅದಕ್ಕೆ ಬೇಕಾದದ್ದು ಮೂರು: ಹಗಲು ಗಿಡ್ಡವಾಗುವ ಕಾಲದಲ್ಲಿ ರಾತ್ರಿಯ ಪೂರ್ತಿ ಕತ್ತಲೆ, 10ರಿಂದ 13 ಡಿಗ್ರಿಯ ಆಸುಪಾಸಿನ ತಂಪು, ಒಣ ಮಣ್ಣು. ಟ್ಯೂಬ್‌ಲೈಟ್ ರಾತ್ರಿ ಹನ್ನೊಂದರವರೆಗೆ ಉರಿಯುವ ಕೋಣೆಯಲ್ಲಿಟ್ಟ ಗಿಡಕ್ಕೆ ರಾತ್ರಿ ಉದ್ದವಾದದ್ದೇ ಗೊತ್ತಾಗುವುದಿಲ್ಲ. ಚಳಿ ಶುರುವಾಗುವ ಹೊತ್ತಿಗೆ, ದೀಪದ ಬೆಳಕು ಬೀಳದ, ಹಗಲು ಬಿಸಿಲು ಸಿಗುವ ತಂಪು ಜಾಗಕ್ಕೆ ಅದನ್ನು ಸಾಗಿಸಿ, ಮೊಗ್ಗು ಕಾಣುವವರೆಗೆ ನೀರಿನ ಅಂತರ ಹೆಚ್ಚಿಸಿ. ಹೂ ಬಾಡಿದ ಮೇಲೆ ಆ ತುದಿಯನ್ನು ಒಂದು ಗಿಣ್ಣು ಕೆಳಗೆ ಕತ್ತರಿಸಿಬಿಡಿ, ಅಲ್ಲಿಂದ ಎರಡು ಕುಡಿ ಒಡೆಯುತ್ತವೆ.